ಒಂಟಿ ಕಣ್ಣಿಗೆ ಕಟ್ಟಿದ ಬ್ಯಾಲೆ: ಹಾಲಿವುಡ್ಡಿನ ಸ್ಟುಡಿಯೋ ಕಾಲದ ನೃತ್ಯ ಸಂಯೋಜನೆ

ಎಲ್ಲರಿಗೂ ನಮಸ್ಕಾರ. 1930ರ ದಶಕದಿಂದ 1960ರ ದಶಕದ ಆರಂಭದವರೆಗೆ ಹಾಲಿವುಡ್ಡಿನ ಸಿನಿಮಾಗಳಲ್ಲಿ ಬ್ಯಾಲೆಯನ್ನು ಹೇಗೆ ಸಂಯೋಜಿಸಿದರು ಎಂಬುದು ಇವತ್ತಿನ ವಿಷಯ. ಬ್ಯಾಲೆ ರಂಗಮಂಚಕ್ಕೆಂದೇ ತಲೆಮಾರುಗಳ ಕಾಲ ತಿದ್ದಿ ತೀಡಿದ ಕಲೆ. ಅದನ್ನು ಹಾಗೇ ಎತ್ತಿ ತಂದು ಕ್ಯಾಮೆರಾ ಮುಂದೆ ನಿಲ್ಲಿಸಿದಾಗಲೆಲ್ಲ ಸೊರಗಿದೆ. ನರ್ತಕರು ಎಷ್ಟೇ ಪಳಗಿದವರಿರಲಿ, ಹೆಜ್ಜೆ ಎಷ್ಟೇ ಶುದ್ಧವಿರಲಿ, ತೆರೆಯ ಮೇಲೆ ಏನೋ ಕಡಿಮೆಯಾಗಿದೆ ಅನ್ನಿಸುತ್ತದೆ. ಇದಕ್ಕೆ ಕಾರಣ ಹುಡುಕಬೇಕಾದದ್ದು ನರ್ತಕರಲ್ಲಿ ಅಲ್ಲ, ರೇಖಾಗಣಿತದಲ್ಲಿ. ಆ ಲೆಕ್ಕ ಹಿಡಿದು, ರಂಗದಲ್ಲಿ ಕಲಿತದ್ದರಲ್ಲಿ ಅರ್ಧವನ್ನು ಬದಿಗಿಟ್ಟು, ಲೆನ್ಸಿಗೆಂದೇ ಕುಣಿತ ಕಟ್ಟಿದ ಜಾರ್ಜ್ ಬಾಲಂಚೀನ್, ಜೀನ್ ಕೆಲ್ಲಿ, ಮೈಕೆಲ್ ಕಿಡ್ ಇಂಥವರ ಕೆಲಸ ಇವತ್ತಿಗೂ ನಿಂತಿದೆ. ಹಾಗಾಗಿ ಮೊದಲು ಲೆಕ್ಕ ನೋಡೋಣ, ಆಮೇಲೆ ಸಿನಿಮಾಗಳಿಗೆ ಬರೋಣ.

ರಂಗಮಂಚದಲ್ಲಿ ಜಾಗ ಹೆಚ್ಚು ಇರುವುದು ಮುಂದೆ. ನರ್ತಕಿ ಮುಂದೆ ಬಂದಷ್ಟೂ ಎಡಬಲದ ಹರವು ಪೂರ್ತಿ ಅವಳದು. ಕ್ಯಾಮೆರಾದಲ್ಲಿ ಇದು ಪೂರಾ ತಿರುಗುಮುರುಗು. ಒಂದು ಆಲಿಕೆಯನ್ನು ಅಡ್ಡ ಮಲಗಿಸಿ, ಅದರ ತೂತು ಲೆನ್ಸಿನ ಕಡೆಗಿದೆ ಎಂದುಕೊಳ್ಳಿ. ದೂರದಲ್ಲಿ ಅಗಲ, ಹತ್ತಿರ ಬಂದಷ್ಟೂ ಇಕ್ಕಟ್ಟು. ನರ್ತಕರಿಗೆ ಸಿಗುವ ಜಾಗ ಈ ಆಲಿಕೆಯ ಒಳಗೆ ಮಾತ್ರ.

ಅಂಕಿಗಳಲ್ಲಿ ಹೇಳುತ್ತೇನೆ. ನರ್ತಕಿಯ ಎತ್ತರ 1.65 ಮೀಟರ್ ಅನ್ನಿ. ಕಾಲ್ಬೆರಳ ತುದಿಯಲ್ಲಿ ನಿಲ್ಲಲೆಂದೇ ಮಾಡಿದ ಗಟ್ಟಿ ಮೂತಿಯ ಪಾಯಿಂಟ್ ಷೂ ಮೇಲೆ ನಿಂತು ಎರಡೂ ಕೈ ತಲೆಯ ಮೇಲೆ ಎತ್ತಿದರೆ ಹತ್ತಿರ ಹತ್ತಿರ 2.2 ಮೀಟರ್. ಪಾದದ ಕೆಳಗೆ ಚೂರು ನೆಲ ಕಾಣಬೇಕು, ತಲೆಯ ಮೇಲೆ ನೆಗೆತಕ್ಕೆ ಜಾಗ ಬೇಕು. ಹಾಗಾಗಿ ಚೌಕಟ್ಟಿನ ಎತ್ತರ 2.8 ಮೀಟರಿಗಿಂತ ಕಡಿಮೆ ಇದ್ದರೆ ಆಗುವುದಿಲ್ಲ. 1953ಕ್ಕೆ ಮುಂಚಿನ ಹಾಲಿವುಡ್ ಚೌಕಟ್ಟಿನ ಎತ್ತರ ಒಂದು ಪಾಲಾದರೆ ಅಗಲ 1.37 ಪಾಲು. ಅಂದರೆ ಆಕೆ ನಿಂತಲ್ಲಿ ಚೌಕಟ್ಟಿನ ಅಗಲ 3.8 ಮೀಟರ್ ಅಷ್ಟೆ. ಎರಡು ದೊಡ್ಡ ಗ್ರಾಂ ಜೆಟೆ, ಅಂದರೆ ಕಾಲು ಚಾಚಿ ಉದ್ದಕ್ಕೆ ಹಾರುವ ನೆಗೆತ, ಹಾರಿದರೆ ಚೌಕಟ್ಟು ಮುಗಿಯಿತು. 35 ಎಂಎಂ ಲೆನ್ಸ್ ಹಾಕಿದ್ದರೆ ಕ್ಯಾಮೆರಾ ಆಕೆಯಿಂದ ಸುಮಾರು 6 ಮೀಟರ್ ದೂರದಲ್ಲಿರುತ್ತದೆ. ಅದೇ ಲೆನ್ಸಿಗೆ 12 ಮೀಟರ್ ದೂರದಲ್ಲಿ 7.7 ಮೀಟರ್ ಅಗಲ ಸಿಗುತ್ತದೆ, ಆದರೆ ಆಕೆ ಅರ್ಧ ಗಾತ್ರಕ್ಕೆ ಇಳಿದಿರುತ್ತಾಳೆ. ಇನ್ನೂ ಅಗಲ ನೋಟದ ಲೆನ್ಸ್ ಹಾಕೋಣವೆಂದರೆ, ಮೂರು ಫಿಲ್ಮ್ ಸುರುಳಿಗಳನ್ನು ಒಟ್ಟಿಗೆ ಓಡಿಸುವ ಟೆಕ್ನಿಕಲರ್ ಎಂಬ ಬಣ್ಣದ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಬೆಳಕು ಸೀಳುವ ಪ್ರಿಸಂ ಕೂತಿರುತ್ತಿತ್ತು. ತೀರಾ ಅಗಲದ ಲೆನ್ಸಿಗೆ ಅಲ್ಲಿ ಜಾಗವೇ ಇರಲಿಲ್ಲ.

ಇದರಿಂದ ಮೊದಲು ಪೆಟ್ಟು ತಿನ್ನುವುದು ಅಡ್ಡ ಚಲನೆ. ರಂಗದಲ್ಲಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎಂಟೆಣಿಕೆಯಲ್ಲಿ ಹಾರಿ ಹೋಗುವುದು ಬ್ಯಾಲೆಯ ದೊಡ್ಡ ಸೊಗಸು. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹೋಗುವ ನರ್ತಕ 7.7 ಮೀಟರಿನ ಚೌಕಟ್ಟನ್ನು ಎರಡು ಸೆಕೆಂಡಿನೊಳಗೆ ದಾಟಿಬಿಡುತ್ತಾನೆ. ನಿಮಿಷಕ್ಕೆ 120 ಎಣಿಕೆಯ ಗತಿಯಲ್ಲಿ ಅದು ನಾಲ್ಕೇ ಎಣಿಕೆ. ಉಳಿದ ನಾಲ್ಕು ಎಣಿಕೆ ಚೌಕಟ್ಟಿನ ಆಚೆ ನಡೆಯುತ್ತದೆ. ಕ್ಯಾಮೆರಾವನ್ನು ಅವನ ಜೊತೆಗೇ ತಿರುಗಿಸಿದರೆ, ಅಂದರೆ ಪ್ಯಾನ್ ಮಾಡಿದರೆ, ಇನ್ನೊಂದು ತೊಂದರೆ. ಅವನು ಯಾವಾಗಲೂ ಚೌಕಟ್ಟಿನ ನಡುವೆಯೇ ಇರುತ್ತಾನೆ. ಹಿಂದೆ ಬರೀ ನೀಲಿ ಪರದೆಯಿದ್ದರೆ ನಿಂತಲ್ಲೇ ಕಾಲಾಡಿಸುತ್ತಿರುವಂತೆ ಕಾಣುತ್ತಾನೆ, ವೇಗವೆಲ್ಲ ಸೋರಿಹೋಗುತ್ತದೆ.

ಪರಿಹಾರಗಳು ಎರಡು. ಒಂದು, ಕ್ಯಾಮೆರಾ ಮತ್ತು ನರ್ತಕನ ನಡುವೆಯೋ ನರ್ತಕನ ಹಿಂದೆಯೋ ನೆಟ್ಟಗೆ ನಿಂತ ವಸ್ತುಗಳನ್ನಿಡುವುದು: ಕಂಬ, ದೀಪದ ಕಂಬ, ಮರ, ಬಾಗಿಲ ಚೌಕಟ್ಟು. ಅವು ಸರಸರನೆ ಸರಿದುಹೋದಾಗ ಕಣ್ಣಿಗೆ ವೇಗ ದಕ್ಕುತ್ತದೆ. ಇನ್ನೊಂದು, ಅಡ್ಡ ಓಟವನ್ನೇ ಬಿಟ್ಟು ಆಳದ ಓಟ ಹಿಡಿಯುವುದು. 12 ಮೀಟರಿನಿಂದ 6 ಮೀಟರಿಗೆ ನುಗ್ಗಿ ಬಂದ ನರ್ತಕ ತೆರೆಯ ಮೇಲೆ ದುಪ್ಪಟ್ಟು ಎತ್ತರವಾಗುತ್ತಾನೆ. ಕ್ಯಾಮೆರಾವನ್ನು ಅಷ್ಟೇ ವೇಗದಲ್ಲಿ ಅವನಿಗೆದುರಾಗಿ ಮುಂದಕ್ಕೆ ತಳ್ಳಿದರೆ ಅದೇ ಬೆಳವಣಿಗೆ ಅರ್ಧ ಸಮಯದಲ್ಲಿ ಆಗುತ್ತದೆ. ಕೆಲ್ಲಿ ತಮ್ಮ ವೃತ್ತಿಯುದ್ದಕ್ಕೂ ದುಡಿಸಿಕೊಂಡದ್ದು ಇದನ್ನೇ. ಅವರ ಕುಣಿತದಲ್ಲಿ ಮುಖ್ಯ ಘಟ್ಟಗಳೆಲ್ಲ ಲೆನ್ಸಿನ ಕಡೆಗೆ ಬರುತ್ತವೆ.

ನೆಗೆತದ ವಿಷಯ ಇನ್ನೂ ಸೂಕ್ಷ್ಮ. ನರ್ತಕನ ದೇಹದ ತೂಕದ ಕೇಂದ್ರ 45 ಸೆಂಟಿಮೀಟರ್ ಏರುವಂಥ ನೆಗೆತದಲ್ಲಿ ಅವನು ಗಾಳಿಯಲ್ಲಿರುವುದು 0.6 ಸೆಕೆಂಡ್. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ 14, ಹೆಚ್ಚೆಂದರೆ 15 ಫ್ರೇಮ್. ಅದರಲ್ಲಿ ಅರ್ಧ, ಅಂದರೆ ಏಳು ಫ್ರೇಮ್, ಅವನು ಏರಿದ ಎತ್ತರದ ಮೇಲಿನ ಕಾಲುಭಾಗದಲ್ಲೇ ಇರುತ್ತಾನೆ. ಗಾಳಿಯಲ್ಲಿ ತೇಲಿದ ಎಂದು ನಮಗೆ ಅನ್ನಿಸುವುದು ಈ ಏಳು ಫ್ರೇಮುಗಳಿಂದ. ಸಂಕಲನಕಾರ ಇಲ್ಲಿ ಕತ್ತರಿ ಹಾಕಿದರೆ ನೆಗೆತ ಸತ್ತಂತೆಯೇ. ಕತ್ತರಿಸಲೇಬೇಕಾದರೆ ನೆಲ ಬಿಡುವ ಕ್ಷಣಕ್ಕೋ, ನೆಲ ಮುಟ್ಟಿ ಮಂಡಿ ಬಾಗುವ ಕ್ಷಣಕ್ಕೋ ಕತ್ತರಿಸಬೇಕು. ಕ್ಯಾಮೆರಾ ಹಿಡಿದವರ ಕೈಯಿಂದ ಆಗುವ ಅನಾಹುತ ಇನ್ನೊಂದು. ನರ್ತಕ ಮೇಲೇರಿದಾಗ ತಲೆ ಚೌಕಟ್ಟಿನಿಂದ ಹೊರಗೆ ಹೋದೀತೆಂದು ಕ್ಯಾಮೆರಾವನ್ನೂ ಮೇಲಕ್ಕೆತ್ತುತ್ತಾರೆ. ತಲೆ ಚೌಕಟ್ಟಿನಲ್ಲಿ ಇದ್ದಲ್ಲೇ ಉಳಿಯುತ್ತದೆ, ನೆಲ ಮಾತ್ರ ಕೆಳಕ್ಕೆ ಇಳಿದು ಹೋಗುತ್ತದೆ, ನೆಗೆದದ್ದೇ ಕಾಣುವುದಿಲ್ಲ. ಮೊದಲೇ ತಲೆಯ ಮೇಲೆ ಜಾಗ ಬಿಟ್ಟು ಕ್ಯಾಮೆರಾ ಅಲ್ಲಾಡದಂತೆ ಇಟ್ಟರೆ ಅಷ್ಟೇ ಎತ್ತರದ ನೆಗೆತ ಎದ್ದು ಕಾಣುತ್ತದೆ. ಕ್ಯಾಮೆರಾ ಮಂಡಿಯ ಮಟ್ಟಕ್ಕೆ ಇಳಿದರೆ ನರ್ತಕ ಹಿನ್ನೆಲೆಯ ಆಕಾಶಕ್ಕೆ ಏರಿದಂತೆ ಇನ್ನೂ ಹೆಚ್ಚು ಕಾಣುತ್ತದೆ. ಎತ್ತರದಿಂದ ನೋಡಿದರೆ ಹಿನ್ನೆಲೆಯೆಲ್ಲ ನೆಲವೇ ಆಗಿ, ನೆಗೆದವನು ನೆಲಕ್ಕೆ ಅಂಟಿಕೊಂಡ ಹಾಗಿರುತ್ತದೆ.

ಪಿರುಯೆಟ್‌ಗಳದ್ದೂ ಹೀಗೇ ಒಂದು ಲೆಕ್ಕ. ಪಿರುಯೆಟ್ ಅಂದರೆ ಒಂಟಿ ಕಾಲಿನ ಮೇಲೆ ನಿಂತು ಗಿರಗಿರ ಸುತ್ತುವುದು. ಸೆಕೆಂಡಿಗೆ ಎರಡು ಸುತ್ತು ಅಂದರೆ ಒಂದು ಸುತ್ತಿಗೆ 12 ಫ್ರೇಮ್. ಪ್ರತಿ ಫ್ರೇಮಿಗೂ ಷಟರ್ ಸುಮಾರು 1/48 ಸೆಕೆಂಡ್ ತೆರೆದಿರುತ್ತದೆ, ಅಷ್ಟರಲ್ಲಿ ಚಾಚಿದ ಕೈ 15 ಡಿಗ್ರಿ ಜರುಗಿರುತ್ತದೆ. ಕೈ ಮಬ್ಬಾಗುತ್ತದೆ, ಮುಖ ಮಾತ್ರ ಸ್ಪಷ್ಟವಾಗಿ ಸಿಗುತ್ತದೆ, ಯಾಕೆಂದರೆ ನರ್ತಕರು ತಲೆಯನ್ನು ಒಂದೇ ದಿಕ್ಕಿಗೆ ನೆಟ್ಟು ಕೊನೆಗಳಿಗೆಯಲ್ಲಿ ಸರಕ್ಕನೆ ತಿರುಗಿಸುತ್ತಾರೆ. ರಂಗದಲ್ಲಿ ಆ ದಿಕ್ಕು ಸಭಾಂಗಣದ ನಡುಭಾಗ. ಸೆಟ್ಟಿನಲ್ಲಿ ಅದನ್ನು ಲೆನ್ಸಿಗೆ ಬದಲಿಸಿಕೊಳ್ಳಬೇಕು, ಕ್ಯಾಮೆರಾ ಜಾಗ ಬದಲಾದಾಗಲೆಲ್ಲ ಮತ್ತೆ ಬದಲಿಸಿಕೊಳ್ಳಬೇಕು. ವರ್ಷಗಟ್ಟಲೆ ಒಂದೇ ದಿಕ್ಕಿಗೆ ಒಗ್ಗಿದ ಕುತ್ತಿಗೆಗೆ ಇದು ಸುಲಭವಲ್ಲ. ಹೊಸಬರು ಸೆಟ್ಟಿನಲ್ಲಿ ತಾಳ ತಪ್ಪುತ್ತಿದ್ದದ್ದಕ್ಕೆ ಇದೂ ಒಂದು ಕಾರಣ.

ಇನ್ನು ಸಂಗೀತ. ಕುಣಿತಕ್ಕೆ ಮೊದಲೇ ಧ್ವನಿಮುದ್ರಣ ಮುಗಿದಿರುತ್ತಿತ್ತು. ಸೆಟ್ಟಿನಲ್ಲಿ ಅದನ್ನು ಸ್ಪೀಕರಿನಲ್ಲಿ ಹಾಕಿ ಕುಣಿಸುತ್ತಿದ್ದರು. ನಮ್ಮಲ್ಲಿ ಹಾಡುಗಳ ಚಿತ್ರೀಕರಣ ನೋಡಿದವರಿಗೆ ಇದು ಗೊತ್ತಿರುವ ಪದ್ಧತಿಯೇ. 120ರ ಗತಿಯಲ್ಲಿ ಒಂದು ಎಣಿಕೆಗೆ 12 ಫ್ರೇಮ್, ಎಂಟೆಣಿಕೆಗೆ 96 ಫ್ರೇಮ್, ಅಂದರೆ 35 ಎಂಎಂ ಫಿಲ್ಮಿನಲ್ಲಿ ಸರಿಯಾಗಿ 6 ಅಡಿ. ಆದಿತಾಳದ ಎಂಟು ಅಕ್ಷರ ಎಣಿಸಿ ಅಭ್ಯಾಸವಿರುವವರಿಗೆ ಈ ಲೆಕ್ಕ ತಟ್ಟನೆ ಹಿಡಿಸುತ್ತದೆ. ಸಂಕಲನಕಾರ ಫಿಲ್ಮನ್ನು ಅಡಿಗೋಲಿನಲ್ಲಿ ಅಳೆದೇ ತಾಳ ಹೇಳಬಹುದಿತ್ತು. ಆದರೆ ಸದ್ದಿಗೂ ಓಡಲು ಸಮಯ ಬೇಕು. ಗಾಳಿಯಲ್ಲಿ ಅದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಅಂದರೆ ಒಂದು ಫ್ರೇಮಿಗೆ 14 ಮೀಟರ್. ನಲವತ್ತು ಮೀಟರ್ ಉದ್ದದ ಸೆಟ್ಟಿನಲ್ಲಿ ಒಂದೇ ಕಡೆ ಸ್ಪೀಕರ್ ಇಟ್ಟರೆ ಆಚೆ ತುದಿಯ ಸಾಲು ಈಚೆ ತುದಿಗಿಂತ ಮೂರು ಫ್ರೇಮ್ ತಡವಾಗಿ ಹೆಜ್ಜೆ ಇಡುತ್ತದೆ. ಕಣ್ಣಿಗೆ ಅದು ಅಶಿಸ್ತಾಗಿ ಕಾಣುತ್ತದೆ, ನರ್ತಕರಿಗೆ ಬೈಗುಳ ಬೀಳುತ್ತದೆ, ತಪ್ಪು ಮಾತ್ರ ಸ್ಪೀಕರ್ ಇಟ್ಟ ಜಾಗದ್ದು.

ಚಿತ್ರೀಕರಣ ಕುಣಿತದ ಅನುಕ್ರಮದಲ್ಲಿ ನಡೆಯುವುದಿಲ್ಲ ಎಂಬುದು ನರ್ತಕರಿಗೆ ಎಲ್ಲಕ್ಕಿಂತ ದೊಡ್ಡ ಶಿಕ್ಷೆ. ಬೆಳಕು ಬದಲಿಸಲು ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಬಿಸಿಯಾಗಿದ್ದ ಸ್ನಾಯು ತಣ್ಣಗಾಗುತ್ತದೆ. ಆಮೇಲೆ ಒಂದು ಸುತ್ತಿನ ನಟ್ಟನಡುವಿನಿಂದ ಶುರುಮಾಡು ಅನ್ನುತ್ತಾರೆ. ನಿಂತ ದೇಹಕ್ಕೆ ಆ ರಭಸ ಬರುವುದು ಎಲ್ಲಿಂದ? ಅನುಭವಿಗಳು ಹಿಡಿದ ದಾರಿ, ಎರಡು ಎಂಟೆಣಿಕೆ ಮುಂಚಿನಿಂದಲೇ ಕುಣಿದು ಬಂದು ಶಾಟಿನೊಳಗೆ ಕಾಲಿಡುವುದು. ಶಾಟ್ ಮುಗಿದ ಮೇಲೂ ಇನ್ನು ನಾಲ್ಕು ಎಣಿಕೆ ಕುಣಿಯುವುದು, ಮುಂದಿನ ಶಾಟನ್ನು ಆ ನಾಲ್ಕು ಎಣಿಕೆಯಿಂದಲೇ ಆರಂಭಿಸುವುದು. ಹಾಗೆ ಮಾಡಿದರೆ ಸಂಕಲನಕಾರನಿಗೆ ಕತ್ತರಿಸಲು 48 ಫ್ರೇಮಿನ ಅವಕಾಶ ಸಿಗುತ್ತದೆ. ಎರಡೂ ಶಾಟಿನಲ್ಲಿ ದೇಹದ ಭಾರ ಒಂದೇ ಕಾಲಿನ ಮೇಲಿರಬೇಕು. ಕೈ ನಾಲ್ಕು ಬೆರಳು ಮೇಲೆ ಕೆಳಗಾದರೆ ನೋಡುಗರು ಕ್ಷಮಿಸುತ್ತಾರೆ, ಕಾಲು ಬದಲಾದರೆ ಯಾಕೆಂದು ಗೊತ್ತಾಗದೆಯೇ ತಡವರಿಸುತ್ತಾರೆ.

ನೆಲದ ಬಗ್ಗೆ ಎರಡು ಮಾತು. ಬ್ಯಾಲೆಯವರಿಗೆ ಕೆಳಗೆ ಟೊಳ್ಳಿರುವ, ಸ್ವಲ್ಪ ಪುಟಿಯುವ ಮರದ ನೆಲ ಬೇಕು. ಸಿನಿಮಾಕ್ಕೆ ಕನ್ನಡಿಯಂತೆ ಹೊಳೆಯುವ ನೆಲ ಬೇಕು. ಹೊಳೆಯುವ ನೆಲ ಜಾರುತ್ತದೆ. ಜಾರದಿರಲೆಂದು ಷೂಗೆ ರಾಳದ ಪುಡಿ ಹಚ್ಚಿದರೆ ಕಪ್ಪು ನೆಲದ ಮೇಲೆ ಬಿಳಿ ಗುರುತು ಮೂಡುತ್ತದೆ, ಪ್ರತಿ ಟೇಕಿನ ನಂತರ ಒರೆಸಬೇಕು, ಒರೆಸಿದರೆ ಮತ್ತೆ ಜಾರುತ್ತದೆ. ಒಂದು ಅನುಕೂಲವೂ ಇತ್ತು. ರಂಗದಲ್ಲಿ ಹೊಸ ಪಾಯಿಂಟ್ ಷೂ ಟಕಟಕ ಸದ್ದು ಮಾಡಿ ಮುಜುಗರ ತರುತ್ತದೆ. ಇಲ್ಲಿ ಸೆಟ್ಟಿನ ಸದ್ದು ಸಿನಿಮಾಕ್ಕೆ ಹೋಗುವುದೇ ಇಲ್ಲ, ಗಟ್ಟಿ ಷೂ ಧರಿಸಿ ನಿಶ್ಚಿಂತೆಯಿಂದ ಕುಣಿಯಬಹುದಿತ್ತು.

ಈಗ ಸಿನಿಮಾಗಳಿಗೆ ಬರೋಣ. ಬಾಲಂಚೀನ್‌ಗಿಂತ ಮುಂಚೆಯೂ ಹಾಲಿವುಡ್ಡಿನಲ್ಲಿ ದೊಡ್ಡ ಬ್ಯಾಲೆ ಗುರುಗಳು ದುಡಿದಿದ್ದರು. 1935ರ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ಗೆ ನೃತ್ಯ ಸಂಯೋಜಿಸಿದವರು ಬ್ರೋನಿಸ್ಲಾವಾ ನಿಜಿನ್ಸ್ಕಾ. ಆಲ್ಬರ್ಟಿನಾ ರಾಶ್ ಎಂಜಿಎಂ ಸಂಸ್ಥೆಗೆ ಹಲವು ಚಿತ್ರಗಳನ್ನು ಮಾಡಿಕೊಟ್ಟರು. ಆದರೂ ಲೆನ್ಸನ್ನೇ ಮುಂದಿಟ್ಟುಕೊಂಡು ಯೋಚಿಸಿದ ಕೆಲಸವೆಂದು ನಾನು ಮೊದಲು ತೋರಿಸುವುದು 1938ರ ‘ದಿ ಗೋಲ್ಡ್‌ವಿನ್ ಫಾಲೀಸ್’. ಚಿತ್ರ ಒಟ್ಟಾರೆ ಸಪ್ಪೆ, ಅದನ್ನು ಮುಚ್ಚಿಡುವುದಿಲ್ಲ. ಅದರೊಳಗಿನ ಎರಡು ಬ್ಯಾಲೆಗಳು ಬೇರೆಯೇ ಮಟ್ಟದವು. ಬಾಲಂಚೀನ್ ತಮ್ಮ ಅಮೆರಿಕನ್ ಬ್ಯಾಲೆ ತಂಡದ ನರ್ತಕರನ್ನು ಕರೆತಂದಿದ್ದರು. ಛಾಯಾಗ್ರಾಹಕ ಗ್ರೆಗ್ ಟೋಲಂಡ್, ಮುಖ್ಯ ನರ್ತಕಿ ವೆರಾ ಝೊರಿನಾ. ಜಾರ್ಜ್ ಗರ್ಶ್ವಿನ್ 1937ರ ಜುಲೈನಲ್ಲಿ ತೀರಿಕೊಂಡ ಮೇಲೆ ಬ್ಯಾಲೆಗಳ ಸಂಗೀತ ಮಾಡಿದವರು ವರ್ನನ್ ಡ್ಯೂಕ್.

ಬಾಲಂಚೀನ್ ಮೊದಲು ಯೋಚಿಸಿದ್ದು ಗರ್ಶ್ವಿನ್‌ರ ‘ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್’ ಕೃತಿಗೆ ಬ್ಯಾಲೆ. ಒಂದೊಂದು ಶಾಟಿಗೂ ನೋಡುವ ಜಾಗ ಬೇರೆ ಎಂಬ ಲೆಕ್ಕದಲ್ಲಿ ಅದನ್ನು ಕಟ್ಟಿದ್ದರು. ನಿರ್ಮಾಪಕ ಸ್ಯಾಮ್ಯುಯಲ್ ಗೋಲ್ಡ್‌ವಿನ್ ಅದನ್ನು ಒಪ್ಪಲಿಲ್ಲ. ಆಮೇಲೆ ಮಾಡಿದ್ದು ರೋಮಿಯೋ ಜೂಲಿಯೆಟ್ ತುಣುಕು ಮತ್ತು ಜಲಕನ್ಯೆಯ ಬ್ಯಾಲೆ. ಮೊದಲನೆಯದರಲ್ಲಿ ಒಂದು ಮನೆತನ ಬ್ಯಾಲೆ ಕುಣಿಯುತ್ತದೆ, ಇನ್ನೊಂದು ಷೂ ತಳದಿಂದ ನೆಲಕ್ಕೆ ತಾಳ ಬಡಿಯುವ ಟ್ಯಾಪ್ ಮತ್ತು ಜಾಸ್. ಜಗಳ ಅರ್ಥವಾಗಲು ಒಂದು ಮಾತೂ ಬೇಕಿಲ್ಲ, ಕಾಲು ನೋಡಿದರೆ ಸಾಕು. ಎರಡನೆಯದರಲ್ಲಿ ಝೊರಿನಾ ಕೊಳದ ನೀರಿನೊಳಗಿಂದ ನಿಧಾನವಾಗಿ ಮೇಲೇರಿ ಬರುತ್ತಾರೆ. ಇದು ಯಾವ ರಂಗಮಂಚದಲ್ಲೂ ಆಗದ ಪ್ರವೇಶ. ಹಾಗಂತ ಬರೀ ಚಮತ್ಕಾರವೆಂದು ತಳ್ಳಿಹಾಕಬೇಡಿ. ರಂಗದಲ್ಲಿ ಪ್ರವೇಶವೆಂದರೆ ಪಕ್ಕದ ಪರದೆಯಿಂದ ಅಡ್ಡಕ್ಕೆ ಬರುವುದು. ಆಲಿಕೆಯಲ್ಲಿ ಅಡ್ಡ ದಾರಿ ದುರ್ಬಲವೆಂದು ಆಗಲೇ ನೋಡಿದೆವು. ಬಾಲಂಚೀನ್ ಅದನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಿದರು. ಚೌಕಟ್ಟಿನೊಳಗೆ ಎಲ್ಲೂ ಸರಿಯದೆ, ಅದೇ ಜಾಗದಲ್ಲಿ, ಒಂದು ದೇಹ ಇಲ್ಲದಿದ್ದ ಕಡೆ ಇದೆ ಅನ್ನಿಸುವಂತೆ ಮಾಡಿದರು. ಝೊರಿನಾ ಆಮೇಲೆ 1939ರ ‘ಆನ್ ಯುವರ್ ಟೋಸ್’ನಲ್ಲೂ ಕುಣಿದರು. ಅದಕ್ಕೂ ಸಂಯೋಜನೆ ಬಾಲಂಚೀನ್‌ರದೇ.

ಗೋಲ್ಡ್‌ವಿನ್ ಬೇಡವೆಂದ ಗರ್ಶ್ವಿನ್ ಕೃತಿ ಬ್ಯಾಲೆಯಾಗಿ ತೆರೆಗೆ ಬಂದದ್ದು 1951ರಲ್ಲಿ, ಎಂಜಿಎಂನಲ್ಲಿ, ಕೆಲ್ಲಿಯವರ ಸಂಯೋಜನೆಯಲ್ಲಿ. ಅದಕ್ಕೆ ಮುಂಚಿನ ಒಂದು ಮೆಟ್ಟಿಲು 1949ರ ‘ಆನ್ ದಿ ಟೌನ್’. ಅದರ ‘ಎ ಡೇ ಇನ್ ನ್ಯೂಯಾರ್ಕ್’ ಬ್ಯಾಲೆಯಲ್ಲಿ ಫ್ರ್ಯಾಂಕ್ ಸಿನಾಟ್ರಾ, ಆ್ಯನ್ ಮಿಲ್ಲರ್ ಮುಂತಾದ ಸಹನಟರು ಇದ್ದಕ್ಕಿದ್ದಂತೆ ಮಾಯವಾಗುತ್ತಾರೆ. ಅವರ ಜಾಗಕ್ಕೆ ಕ್ಯಾರಲ್ ಹೇನಿಯಂಥ ನುರಿತ ನರ್ತಕರು ಬರುತ್ತಾರೆ. ಹಿನ್ನೆಲೆ ಗಾಢ ಕೆಂಪು, ಸಾಮಾನು ಅತ್ಯಲ್ಪ. ಕನಸು ಅಥವಾ ನೆನಪು ಎಂಬ ನೆಪ ಹಾಲಿವುಡ್ಡಿಗೆ ಅಷ್ಟು ಬೇಕಾದದ್ದು ಇದಕ್ಕೇ. ಕನಸಿನಲ್ಲಿ ಪಾತ್ರದ ಮುಖ ಬದಲಾದರೆ ಯಾರೂ ಪ್ರಶ್ನಿಸುವುದಿಲ್ಲ. ಹಾಡುವವರಿಂದ ಬ್ಯಾಲೆ ಕುಣಿಸುವ ಕಷ್ಟ ತಪ್ಪುತ್ತದೆ.

ಈ ನಡುವೆ 1948ರಲ್ಲಿ ಬ್ರಿಟನ್ನಿನಲ್ಲಿ ತಯಾರಾದ ‘ದಿ ರೆಡ್ ಷೂಸ್’ ಅಮೆರಿಕದಲ್ಲಿ ಚೆನ್ನಾಗಿ ಓಡಿತು. ಸಿನಿಮಾದ ನಡುವೆ ಕಾಲು ಗಂಟೆ ಮಾತಿಲ್ಲದ ಬ್ಯಾಲೆ ಇಟ್ಟರೂ ಜನ ಎದ್ದು ಹೋಗುವುದಿಲ್ಲ ಎಂದು ಸ್ಟುಡಿಯೋ ದೊರೆಗಳಿಗೆ ತೋರಿಸಲು ಕೆಲ್ಲಿ ಬಳಗಕ್ಕೆ ಒಂದು ಉದಾಹರಣೆ ಸಿಕ್ಕಿತು. ಹಾಗೆ ಹುಟ್ಟಿದ್ದು ‘ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್’ ಚಿತ್ರದ ಕೊನೆಯ ಬ್ಯಾಲೆ. ಸುಮಾರು 17 ನಿಮಿಷ, ಫಿಲ್ಮಿನ ಲೆಕ್ಕದಲ್ಲಿ 1,500 ಅಡಿಗೂ ಹೆಚ್ಚು. ಖರ್ಚು ಹತ್ತಿರ ಹತ್ತಿರ ಐದು ಲಕ್ಷ ಡಾಲರ್. ನಿರ್ದೇಶಕ ವಿನ್ಸೆಂಟ್ ಮಿನೆಲ್ಲಿ, ಬ್ಯಾಲೆಯ ಉಡುಪು ಐರೀನ್ ಶರಾಫ್‌ರದು, ಸೆಟ್ಟುಗಳ ಹೊಣೆ ಪ್ರೆಸ್ಟನ್ ಏಮ್ಸ್‌ರದು. ಉಳಿದ ಚಿತ್ರಕ್ಕೆ ಛಾಯಾಗ್ರಹಣ ಆಲ್ಫ್ರೆಡ್ ಗಿಲ್ಕ್ಸ್ ಮಾಡಿದ್ದರೂ ಬ್ಯಾಲೆಗೆ ಮಾತ್ರ ಜಾನ್ ಆಲ್ಟನ್‌ರನ್ನು ಕರೆಸಿದರು. ಅದುವರೆಗೆ ಆಲ್ಟನ್ ಹೆಸರು ಮಾಡಿದ್ದು ನೆರಳೇ ಪ್ರಧಾನವಾದ ಅಪರಾಧ ಚಿತ್ರಗಳಲ್ಲಿ.

ಈ ಆಯ್ಕೆಗೆ ಕಾರಣ ಸೆಟ್ಟಿನಲ್ಲಿದೆ. ಒಂದೊಂದು ಭಾಗವೂ ಒಬ್ಬೊಬ್ಬ ಚಿತ್ರಕಾರನ ಶೈಲಿಯಲ್ಲಿ: ಡುಫಿ, ರೆನ್ವಾರ್, ಯುಟ್ರಿಲ್ಲೊ, ರೂಸೋ, ವ್ಯಾನ್ ಗೋ, ತುಲೂಸ್ ಲೊಟ್ರೆಕ್. ಸೆಟ್ಟಿನ ಹಿಂಭಾಗವೆಲ್ಲ ಬಣ್ಣ ಬಳಿದ ಪರದೆ. ಪರದೆಯ ಮೇಲೆ ಬರೆದ ಬೀದಿಯ ಆಳ ಒಂದೇ ಬಿಂದುವಿನಿಂದ ನೋಡಿದರೆ ಸರಿ. ಕ್ಯಾಮೆರಾ ಎರಡು ಮೀಟರ್ ಪಕ್ಕಕ್ಕೆ ಸರಿದರೆ ಎದುರಿನ ನಿಜವಾದ ಕಂಬ ಸರಿಯುತ್ತದೆ, ಬರೆದ ಕಂಬ ಸರಿಯುವುದಿಲ್ಲ, ಸುಳ್ಳು ಬಯಲಾಗುತ್ತದೆ. ಕೆಲ್ಲಿಗೋ ಚಲಿಸುವ ಕ್ಯಾಮೆರಾ ಬೇಕೇ ಬೇಕು. ಈ ಗಂಟನ್ನು ಬಿಡಿಸಿದ್ದು ಬೆಳಕು ಮತ್ತು ಹೊಗೆ. ಕಾರಂಜಿಯ ಬಳಿಯ ಯುಗಳ ನೃತ್ಯದಲ್ಲಿ ಇದನ್ನು ಗಮನವಿಟ್ಟು ನೋಡಿ. ಮುಂದೆ ಕಲ್ಲಿನ ಕಾರಂಜಿ, ಅದು ನಿಜವಾದ ಗಾತ್ರದ ವಸ್ತು. ಹಿಂದೆ ಬಣ್ಣದ ಬೆಳಕು ತುಂಬಿದ ಹೊಗೆ. ಪರದೆ ಕರಗಿಹೋಗಿರುವುದರಿಂದ ಕ್ಯಾಮೆರಾ ಹೇಗೆ ಬೇಕಾದರೂ ಚಲಿಸಬಹುದು. ಕೆಲ್ಲಿ ಮತ್ತು ಲೆಸ್ಲಿ ಕರೋನ್ ಹಲವು ಕಡೆ ಬರೀ ಕಪ್ಪು ಆಕೃತಿಗಳಾಗಿ ಕಾಣುತ್ತಾರೆ. ಆಕೃತಿ ಮಾತ್ರ ಉಳಿದಾಗ ಮುಖದ ಅಭಿನಯ ಸಿಗುವುದಿಲ್ಲ. ಅದಕ್ಕೇ ಆ ಭಾಗದ ಸಂಯೋಜನೆಯಲ್ಲಿ ಸಣ್ಣ ಪಾದಕೆಲಸ ಕಡಿಮೆ, ಉದ್ದನೆಯ ಗೆರೆಗಳು ಹೆಚ್ಚು: ನಿಧಾನವಾಗಿ ಬಿಚ್ಚಿಕೊಳ್ಳುವ ಕಾಲು, ಹಿಂದಕ್ಕೆ ಬಾಗುವ ಬೆನ್ನು, ಎತ್ತಿ ಹಿಡಿದ ಭಂಗಿ. ಬೆಳಕು ಇಂಥದ್ದು ಎಂದು ಗೊತ್ತಿದ್ದೇ ಹೆಜ್ಜೆ ಆರಿಸಿದ್ದಾರೆ.

ಲೊಟ್ರೆಕ್ ಭಾಗದ ಉಪಾಯವೂ ಜಾಣತನದ್ದು. ಕೆಲ್ಲಿ ಮೊದಲು ಲೊಟ್ರೆಕ್‌ರ ಪ್ರಸಿದ್ಧ ಚಿತ್ರವೊಂದರ ನರ್ತಕನ ಭಂಗಿಯಲ್ಲೇ ನಿಶ್ಚಲವಾಗಿ ನಿಂತಿರುತ್ತಾರೆ. ಒಂದು ಕಾಲು ಮಡಿಚಿ, ಒಂದು ಕೈ ಎತ್ತಿದ ಭಂಗಿ ಅದು. ಕುಣಿತ ಆ ಭಂಗಿಯ ಒಳಗಿಂದ ಹೊರಡುತ್ತದೆ, ಮುಂದಿನ ಹೆಜ್ಜೆಗಳೆಲ್ಲ ಅದೇ ಚೂಪಾದ ಮೊಣಕೈ, ಮಂಡಿಗಳನ್ನು ಬೆಳೆಸಿದವು. ರೂಸೋ ಭಾಗದಲ್ಲಿ ಟ್ಯಾಪ್ ಮತ್ತು ಪಾಯಿಂಟ್ ಹೆಜ್ಜೆಗಳು ಅಕ್ಕಪಕ್ಕ ಬರುತ್ತವೆ. ಕರೋನ್ ಬಂದದ್ದು ರೋಲಾಂ ಪೆಟಿಯವರ ಪ್ಯಾರಿಸ್ ತಂಡದಿಂದ, ಶುದ್ಧ ಬ್ಯಾಲೆ ತರಬೇತಿ. ಕೆಲ್ಲಿಯವರ ದೇಹ ತಗ್ಗಿದ, ಭಾರ ಕೆಳಗಿಟ್ಟ, ಬೀದಿಯ ದೇಹ. ಇಬ್ಬರನ್ನೂ ಒಂದೇ ಶೈಲಿಗೆ ಒಗ್ಗಿಸಲು ಹೋಗದೆ ಆ ಅಂತರವನ್ನೇ ಕಥೆಯಾಗಿಸಿದ್ದು ಈ ಬ್ಯಾಲೆಯ ದೊಡ್ಡ ಗುಣ. ನನ್ನ ಮಟ್ಟಿಗೆ ಸ್ಟುಡಿಯೋ ಕಾಲದ ಅತ್ಯುತ್ತಮ ಸಂಯೋಜನೆ ಇದೇ. ಮರುವರ್ಷದ ‘ಸಿಂಗಿಂಗ್ ಇನ್ ದಿ ರೇನ್’ನಲ್ಲಿ ಸಿಡ್ ಚರೀಸ್ ಉದ್ದನೆಯ ಬಿಳಿ ರೇಷ್ಮೆ ಬಟ್ಟೆಯನ್ನು ಗಾಳಿಯಂತ್ರದ ಎದುರು ಹಾರಿಸುತ್ತಾ ಕುಣಿಯುವ ಭಾಗವೂ ಅದ್ಭುತ. ಖಾಲಿ ಸೆಟ್ಟಿನಲ್ಲಿ ಗಾತ್ರ, ದಿಕ್ಕು, ವೇಗ ಮೂರನ್ನೂ ಆ ಬಟ್ಟೆಯೊಂದೇ ಹೇಳುತ್ತದೆ.

1953ರಿಂದ ಸಿನಿಮಾಸ್ಕೋಪ್ ಎಂಬ ಅಗಲ ತೆರೆಯ ವಿಧಾನ ಬಂತು. ಎತ್ತರ ಒಂದಕ್ಕೆ ಅಗಲ 2.55. ನಮ್ಮ 2.8 ಮೀಟರ್ ಎತ್ತರದ ಚೌಕಟ್ಟಿಗೆ ಈಗ 7.1 ಮೀಟರ್ ಅಗಲ. ಬ್ಯಾಲೆಗೆ ಇದು ವರವೆಂದೇ ಎಲ್ಲರೂ ತಿಳಿದರು. ಒಬ್ಬರೇ ಕುಣಿಯುವಾಗ ಅದು ವರವಲ್ಲ, ಎರಡು ಪಕ್ಕ ಖಾಲಿ ಜಾಗ ಬಾಯಿ ತೆರೆದು ಕೂತಿರುತ್ತದೆ. ಮೊದಮೊದಲ ಲೆನ್ಸುಗಳಲ್ಲಿ ಹತ್ತಿರ ಬಂದವರ ಮುಖ ಅಡ್ಡಕ್ಕೆ ಊದಿಕೊಳ್ಳುವ ದೋಷವೂ ಇತ್ತು, ಹಾಗಾಗಿ ಕೆಲ್ಲಿಯ ಆಳದ ಓಟಕ್ಕೂ ಕಡಿವಾಣ ಬಿತ್ತು. ಅಗಲವನ್ನು ಸರಿಯಾಗಿ ಬಳಸಿದ್ದು ಗುಂಪು ಕುಣಿತ. 1954ರ ‘ಸೆವೆನ್ ಬ್ರೈಡ್ಸ್ ಫಾರ್ ಸೆವೆನ್ ಬ್ರದರ್ಸ್’ನಲ್ಲಿ ನಿರ್ದೇಶಕ ಸ್ಟ್ಯಾನ್ಲಿ ಡೋನನ್, ಸಂಯೋಜಕ ಕಿಡ್. ಕಾಡಿನಲ್ಲಿ ಮರ ಕಡಿಯುವ ಒರಟು ಅಣ್ಣತಮ್ಮಂದಿರು ಬ್ಯಾಲೆ ಕುಣಿದರೆ ಯಾರು ನಂಬುತ್ತಾರೆ? ಕಿಡ್ ಅವರ ಉತ್ತರ, ಕುಣಿತ ಕೆಲಸದಿಂದಲೇ ಹುಟ್ಟಬೇಕು. ಕಣಜ ಕಟ್ಟುವ ದೃಶ್ಯದಲ್ಲಿ ಹಲಗೆ, ಮರ ಕೊಯ್ಯುವಾಗ ಆಸರೆಗಿಡುವ ಮರದ ಸ್ಟ್ಯಾಂಡು, ಕೊಡಲಿ ಇವೇ ಸಲಕರಣೆ. ಅಡ್ಡ ಹಲಗೆಯ ಮೇಲೆ ಸಮತೋಲ ಹಿಡಿದು ಕುಣಿಯುವ ಭಾಗ ಸಿನಿಮಾಸ್ಕೋಪಿಗೆ ಹೇಳಿ ಮಾಡಿಸಿದ್ದು, ಏಕೆಂದರೆ ಹಲಗೆಯೇ ಚೌಕಟ್ಟಿನ ಉದ್ದಕ್ಕೂ ಎಳೆದ ಗೆರೆ. ಸಹೋದರರಲ್ಲಿ ಒಬ್ಬರಾದ ಜಾಕ್ ಡಾಂಬುವಾಜ್ ನ್ಯೂಯಾರ್ಕ್ ಸಿಟಿ ಬ್ಯಾಲೆಯವರು, ರಸ್ ಟ್ಯಾಂಬ್ಲಿನ್ ಲಾಗ ಹಾಕುವುದರಲ್ಲಿ ನಿಪುಣ. ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ಅಂಗಿ ಕೊಟ್ಟಿದ್ದರಿಂದ ಅಷ್ಟು ಜನರ ಗದ್ದಲದಲ್ಲೂ ಯಾರು ಎಲ್ಲಿದ್ದಾರೆ ಎಂದು ಕಣ್ಣು ಕಳೆದುಕೊಳ್ಳುವುದಿಲ್ಲ. ಹಿಮದಲ್ಲಿ ಕೊಡಲಿ ಬೀಸುತ್ತಾ ಹಾಡುವ ‘ಲೋನ್‌ಸಮ್ ಪೋಲ್‌ಕ್ಯಾಟ್’ ಪೂರ್ತಿ ಒಂದೇ ಶಾಟ್. ಕೊಡಲಿಯ ಏಟೇ ತಾಳ. ಆರು ಜನ ಬೇರೆ ಬೇರೆ ಆಳದಲ್ಲಿ ನಿಂತಿರುವುದರಿಂದ ಕಟ್ ಬೇಕೆಂದೇ ಅನ್ನಿಸುವುದಿಲ್ಲ.

ಮರುವರ್ಷದ ‘ಒಕ್ಲಹೋಮಾ!’ ಇನ್ನೊಂದು ಬಗೆಯ ಪರೀಕ್ಷೆ. ಟಾಡ್-ಎಒ ಎಂಬ ಹೊಸ ವಿಧಾನದಲ್ಲಿ ಸೆಕೆಂಡಿಗೆ 30 ಫ್ರೇಮ್. ಅದನ್ನು 24ರ ಯಂತ್ರದಲ್ಲಿ ಓಡಿಸಲಾಗದು. ಹಾಗಾಗಿ ಸಾಮಾನ್ಯ ಚಿತ್ರಮಂದಿರಗಳಿಗೆಂದು ಸಿನಿಮಾಸ್ಕೋಪಿನಲ್ಲೂ ಚಿತ್ರಿಸಿದರು. ಸಂಯೋಜಕಿ ಆಗ್ನೆಸ್ ಡಿ ಮಿಲ್ ಅವರ ಕನಸಿನ ಬ್ಯಾಲೆಯನ್ನು ಈಗ ಎರಡೂ ರೂಪದಲ್ಲಿ ನೋಡಬಹುದು. 30 ಫ್ರೇಮಿನಲ್ಲಿ ಮಬ್ಬು ಕಡಿಮೆ, ಸುತ್ತುಗಳು ನುಣುಪು. ಕಥೆಯ ನಾಯಕಿ ಶರ್ಲಿ ಜೋನ್ಸ್ ಜಾಗಕ್ಕೆ ಕನಸಿನಲ್ಲಿ ಬ್ಯಾಂಬಿ ಲಿನ್ ಬರುತ್ತಾರೆ, ನಾಯಕನ ಜಾಗಕ್ಕೆ ಜೇಮ್ಸ್ ಮಿಚೆಲ್. ಖಳನ ಪಾತ್ರದ ರಾಡ್ ಸ್ಟೈಗರ್ ಮಾತ್ರ ಬದಲಾಗುವುದಿಲ್ಲ. ನರ್ತಕನಲ್ಲದ ಅವರು ಕುಣಿಯುವವರ ನಡುವೆ ಭಾರವಾಗಿ ನಡೆಯುತ್ತಾರೆ, ಆ ಭಾರವೇ ಭಯ ಹುಟ್ಟಿಸುತ್ತದೆ. ಕುಣಿಯಲು ಬಾರದ ದೇಹವನ್ನು ಇಷ್ಟು ಚೆನ್ನಾಗಿ ಬಳಸಿದ ಬ್ಯಾಲೆ ಇನ್ನೊಂದಿಲ್ಲ.

ಬದಲಿ ನರ್ತಕರ ಪ್ರಸಂಗ ಚುಟುಕಾಗಿ: 1952ರ ‘ಲೈಮ್‌ಲೈಟ್’ನಲ್ಲಿ ಬ್ಯಾಲೆ ನರ್ತಕಿಯಾಗಿ ನಟಿಸಿದ್ದು ಕ್ಲೇರ್ ಬ್ಲೂಮ್, ಕುಣಿದದ್ದು ಮೆಲಿಸ್ಸಾ ಹೇಡನ್. ಇಂಥ ಕಡೆ ಸಂಯೋಜಕರು ಲೆನ್ಸಿಗೆ ಬೆನ್ನು ಮಾಡುವ, ಮುಖ ತೋಳಿನ ಮರೆಗೆ ಹೋಗುವ ಹೆಜ್ಜೆಗಳನ್ನು ಮೊದಲೇ ಹೆಣೆದಿಡಬೇಕಾಗುತ್ತದೆ.

ಮಾತು ಮುಗಿದ ಮೇಲೆ ಸಭಿಕರು ಎರಡು ಪ್ರಶ್ನೆ ಕೇಳಿದರು, ಅವನ್ನೂ ಸೇರಿಸುತ್ತೇನೆ.

ಕಟ್ ಇಲ್ಲದ ಚಿತ್ರೀಕರಣವೇ ಶ್ರೇಷ್ಠವೇ ಎಂದು ಒಬ್ಬರು ಕೇಳಿದರು. ಹಾಲಿವುಡ್ಡಿನ ನರ್ತಕ, ನಟ ಫ್ರೆಡ್ ಆಸ್ಟೇರ್ ಹಾಗೆ ನಂಬಿದ್ದರು. ಪೂರ್ತಿ ದೇಹ ಕಾಣಬೇಕು, ಕಟ್ ಆದಷ್ಟು ಕಡಿಮೆ ಇರಬೇಕು ಎಂಬುದು ಅವರ ಹಟ. ಅದರಲ್ಲಿ ನ್ಯಾಯವಿದೆ: ಕಷ್ಟದ ಹೆಜ್ಜೆಗೆ ಕಡಿಯದ ಸಮಯವೇ ಸಾಕ್ಷಿ, ಕಟ್ ಬಿದ್ದರೆ ನೋಡುಗರಿಗೆ ಅನುಮಾನ ಬರುತ್ತದೆ. ಆದರೆ 1961ರ ‘ವೆಸ್ಟ್ ಸೈಡ್ ಸ್ಟೋರಿ’ಯ ಆರಂಭ ನೋಡಿ. ಜೆರೋಮ್ ರಾಬಿನ್ಸ್ ಅಲ್ಲಿ ನ್ಯೂಯಾರ್ಕಿನ ನಿಜವಾದ ಬೀದಿಗಳಲ್ಲಿ, ಡಾಂಬರಿನ ಮೇಲೆ ಕುಣಿಸಿದರು. ಪುಟಿಯದ ಆ ನೆಲದಲ್ಲಿ ಪದೇ ಪದೇ ನೆಗೆದು ಇಳಿದರೆ ಮೊಣಕಾಲಿನ ಕೆಳಗಿನ ಮೂಳೆ, ಮಂಡಿ ಎಲ್ಲ ನೋಯುತ್ತವೆ, ಅವರ ತಂಡವೂ ಅದನ್ನು ಅನುಭವಿಸಿತು. ಅಲ್ಲಿ ನಡಿಗೆ ಮೆಲ್ಲಮೆಲ್ಲನೆ ಕುಣಿತವಾಗುವುದು ಕಟ್‌ಗಳ ಮೂಲಕವೇ. ಒಂದು ಬೀದಿಯಲ್ಲಿ ಎತ್ತಿದ ಕಾಲು ಇನ್ನೊಂದು ಬೀದಿಯಲ್ಲಿ ನೆಲ ಮುಟ್ಟುತ್ತದೆ. ಕಟ್ ಎಲ್ಲಿ ಬೀಳಬೇಕೆಂದು ಕುಣಿತ ಕಟ್ಟುವಾಗಲೇ ತೀರ್ಮಾನವಾಗಿದ್ದರೆ ಅದೂ ಒಂದು ಹೆಜ್ಜೆಯೇ.

ಭರತನಾಟ್ಯ ಕಲಿಸುವ ಒಬ್ಬರು, ಮಕ್ಕಳ ಕಾರ್ಯಕ್ರಮವನ್ನು ಮೊಬೈಲಿನಲ್ಲಿ ತೆಗೆದರೆ ಯಾಕೆ ಚೆನ್ನಾಗಿ ಬರುವುದಿಲ್ಲ ಎಂದು ಕೇಳಿದರು. ಆಲಿಕೆಯ ಲೆಕ್ಕ ಇಲ್ಲಿಯೂ ಅದೇ. ಮೊಬೈಲಿನ ಸಾಮಾನ್ಯ ಲೆನ್ಸ್ ಅಗಲ ನೋಟದ್ದು. ಎರಡು ಮೂರು ಮೀಟರಿನಲ್ಲಿ ನಿಂತು ತೆಗೆದರೆ ಮುಂದೆ ಚಾಚಿದ ಹಸ್ತ ಮುಖಕ್ಕಿಂತ ದೊಡ್ಡದಾಗುತ್ತದೆ. ಆರೇಳು ಮೀಟರ್ ಹಿಂದೆ ಹೋಗಿ ಎರಡು ಪಟ್ಟಿನ ಲೆನ್ಸ್ ಬಳಸಿ, ಮೊಬೈಲನ್ನು ಅಡ್ಡ ಹಿಡಿಯಿರಿ. ಎತ್ತರ ಅರೆಮಂಡಿಯಲ್ಲಿ ಕೂತ ಮಗುವಿನ ಎದೆಯ ಮಟ್ಟಕ್ಕಿರಲಿ. ಮೇಲಿನಿಂದ ತೆಗೆದರೆ ಮಂಡಿಗಳ ಅಗಲಿಕೆ ಕುಗ್ಗಿ ಅರೆಮಂಡಿ ಕುಳಿತಿಲ್ಲದಂತೆ ಕಾಣುತ್ತದೆ, ವೇದಿಕೆಯ ಬುಡದಿಂದ ತೆಗೆದರೆ ಮಂಡಿ ದೊಡ್ಡದಾಗಿ ಮುಖ ಚಿಕ್ಕದಾಗುತ್ತದೆ. ಸಭಾಂಗಣದ ಹಿಂದಿನಿಂದ, ಇಪ್ಪತ್ತು ಮೀಟರ್ ದೂರದಿಂದ ತೆಗೆದಿದ್ದರೆ ಸದ್ದು ಸುಮಾರು 0.06 ಸೆಕೆಂಡ್ ತಡವಾಗಿ ಬಂದಿರುತ್ತದೆ. 30 ಫ್ರೇಮಿನ ವಿಡಿಯೋದಲ್ಲಿ ಹತ್ತಿರ ಹತ್ತಿರ ಎರಡು ಫ್ರೇಮ್. ಪಾದದಿಂದ ನೆಲ ತಟ್ಟುವ ತಟ್ಟಡವಿನಲ್ಲಿ ಆ ಅಂತರ ಚೆನ್ನಾಗಿ ತಿಳಿಯುತ್ತದೆ. ಎಡಿಟ್ ಮಾಡುವಾಗ ಧ್ವನಿಯನ್ನು ಎರಡು ಫ್ರೇಮ್ ಮುಂಚೆಗೆ ಎಳೆದುಕೊಂಡರೆ ಮಕ್ಕಳ ಹೆಜ್ಜೆ ತಾಳದ ಮೇಲೆಯೇ ಬೀಳುತ್ತದೆ.